ವೈರ್ ಕಿತ್ತ ಮೇಲೆ ಕೇಳಿಸಿದ್ದು

ಪರದೇಶದ ಪಾಪಕುರಾ ಊರಿನ ಹಾಲ್‌ನಲ್ಲಿ ಕನ್ನಡಿಗರ ಯುಗಾದಿ ಊಟಕ್ಕೆ ಮುಂಚೆ ಗಿಟಾರ್ ನುಡಿಸುತ್ತಿದ್ದ ನಾನು ಸಿಟ್ಟಿನಿಂದ ಅದರ ಸ್ಪೀಕರ್ ವೈರ್ ಕಿತ್ತುಬಿಟ್ಟೆ. ಸೌಂಡ್ ಏರಿಸಿದಷ್ಟೂ ಜನರ ಹರಟೆ ಏರುತ್ತಿತ್ತು. ಬರಿಯ ತಂತಿಯ ನಾದಕ್ಕಾದರೂ ಸುಮ್ಮನಾದಾರು ಎಂದುಕೊಂಡಿದ್ದೆ.

ಗಿಟಾರ್ ತಗ್ಗಿತು. ಮುಂದಿನ ಸಾಲಿನ ಧಾರವಾಡದ ಆಂಟಿಯ ದನಿ ತಗ್ಗಲಿಲ್ಲ.

“ನಮ್ಮ ಸೊಸಿ ಮಾಡಿದ ಹೋಳಗಿ ನಾಯೀನೂ ಮೂಸಿ ನೋಡಂಗಿಲ್ರಿ!”

ಇಡೀ ಹಾಲ್‌ಗೆ ಕೇಳಿಸಿತು. ಐಸ್‌ಕ್ರೀಮ್ ಡಬ್ಬಿಯಲ್ಲಿ ಹೋಳಿಗೆ ತುಂಬಿಕೊಂಡು ಬಾಗಿಲಲ್ಲಿ ನಿಂತಿದ್ದ ಸೊಸೆಗೂ ಕೇಳಿಸಿತು.

ಆಂಟಿ ನನ್ನತ್ತ ಕಣ್ಣು ಕೆಕ್ಕರಿಸಿದರು. “ಏನ್ ನೋಡ್ತಿ ತಮ್ಮಾ? ವೈರ್ ಹಚ್ಚೋ ಲಗೂನ!”

ಅಂದಿನಿಂದ ಅತ್ತೆ-ಸೊಸೆ ಇರುವ ಕಡೆ ನಾನು ವೈರ್ ಕೀಳುವುದಿಲ್ಲ. ಅತ್ತೆಯ ಗುಟ್ಟು ಬಯಲು ಮಾಡಿದ್ದಕ್ಕೆ ಸೊಸೆ ಅಂದು ನನ್ನ ತಟ್ಟೆಗೆ ಎರಡು ಹೋಳಿಗೆ ಹೆಚ್ಚೇ ಬಡಿಸಿದರು. ತಿಂದೆ. ಆಂಟಿ ಸುಳ್ಳು ಹೇಳಿರಲಿಲ್ಲ.