ಮೊಹರಿಲ್ಲದ ಚಾಚಾ

ಕಳೆದ ವಾರ ಕಲಬುರಗಿಯ ಕಚೇರಿಯೊಂದರಲ್ಲಿ ದಾಖಲೆ ಕೋಣೆಯ ಬಾಗಿಲು ತೆರೆದಾಗ ಹಳೆಯ ಕಾಗದ, ನುಸಿಗುಳಿಗೆ ಎರಡೂ ಸೇರಿದ ವಾಸನೆ ಮೂಗಿಗೆ ಬಡಿಯಿತು. ಖೂಬಾ ಪ್ಲಾಟ್ ಬಡಾವಣೆಯಲ್ಲಿ ನಮ್ಮ ನೆರೆಯವರಾಗಿದ್ದ ಚಾಚಾರ ಅಂಗಿಗೂ ಇದೇ ವಾಸನೆಯಿತ್ತು... ಅವರು ಇಂಥದೇ ಕೋಣೆಯಲ್ಲಿ ನೌಕರಿ ಮಾಡಿ ನಿವೃತ್ತರಾದವರು.

ಅವರಿದ್ದ ಕಾಲಕ್ಕೆ ಕಮಲಾಪುರದ ನಮ್ಮ ಬಾಳೆತೋಟಕ್ಕೆ ಹೋಗುವ ಬಂಡಿದಾರಿಗೆ ಪಕ್ಕದ ಹೊಲದವರು ಮುಳ್ಳುಬೇಲಿ ಹಾಕಿದ್ದರು. ದಾರಿ ನಮ್ಮದೆನ್ನಲು ಇದ್ದ ಆಧಾರ ಒಂದೇ, ನಿಜಾಮರ ಕಾಲದ ಉರ್ದು ಹುಕುಂ. ಅದರ ಗೀಚು ಬರಹ ಯಾರಿಗೂ ಓದಲು ಬರಲಿಲ್ಲ. ಚಾಚಾ ಕನ್ನಡಕ ಹಣೆಗೇರಿಸಿ, ಕಾಗದವನ್ನು ಕಣ್ಣ ಹತ್ತಿರ ಹಿಡಿದು ಸಲೀಸಾಗಿ ಓದಿಬಿಟ್ಟರು. ಆಗಿನ ಜಿಲ್ಲಾಧಿಕಾರಿ, ತಾಲೂಕುದಾರ ಸಾಹೇಬರು ಸ್ವತಃ ಬಂದು ಜಾಗ ನೋಡಿ, ದಾರಿ ಬಿಡಬೇಕೆಂದು ಆಜ್ಞೆ ಮಾಡಿದ್ದರಂತೆ. ಅದಕ್ಕೂ ಮೊದಲು ನನ್ನ ಅಜ್ಜನ ಅರ್ಜಿ ಮೂರು ವರ್ಷ ಮೇಜಿನಿಂದ ಮೇಜಿಗೆ ಅಲೆದಿತ್ತಂತೆ.

“ನಿಮ್ಮ ಅಜ್ಜಾರೂ ಹಿಂಗೇ ತಿರುಗ್ಯಾರ, ಬೇಟಾ,” ಎಂದು ಚಾಚಾ ನಕ್ಕರು. “ನಿಜಾಮ ಹೋದ, ಸರ್ಕಾರ ಬಂತು. ಕಚೇರ್ಯಾಗ ಕಾಯೋ ಬೆಂಚ್ ಮಾತ್ರ ಅದೇ ಅದ.”

ಅವರು ಕನ್ನಡದಲ್ಲಿ ಬರೆದುಕೊಟ್ಟದ್ದನ್ನು ಕಚೇರಿಗೆ ಒಯ್ದೆ. ಗುಮಾಸ್ತ ಮುಟ್ಟಲೂ ಇಲ್ಲ.

“ಇವರ್ಯಾರ್ರೀ? ಮೊಹರ್ ಇಲ್ಲ, ಏನಿಲ್ಲ. ಮಂಜೂರಾದ ಭಾಷಾಂತರಕಾರರ ಕಡೆ ಮಾಡಿಸ್ಕೊಂಡ್ ಬರ್ರಿ.”

ದೇವರು ಕೊಟ್ಟರೂ ಪೂಜಾರಿ ಕೊಡ. ಮೈಯೆಲ್ಲ ಉರಿಯಿತು. ಆದರೂ ಮೊಹರಿದ್ದ ಭಾಷಾಂತರಕಾರರೊಬ್ಬರನ್ನು ಹುಡುಕಿ ಹುಕುಂ ಕೊಟ್ಟುಬಂದೆ. ನಾಲ್ಕನೆಯ ದಿನ ಬೆಳಿಗ್ಗೆ ನೋಡುತ್ತೇನೆ, ಆ ಮಹಾಶಯರು ಅದೇ ಹುಕುಂ ಹಿಡಿದು ಚಾಚಾರ ಮನೆ ಕಟ್ಟೆಯ ಮೇಲೆ ಕೂತಿದ್ದಾರೆ! ಚಾಚಾ ಓದಿ ಹೇಳುತ್ತಿದ್ದರು, ಅವರು ಬರೆದುಕೊಳ್ಳುತ್ತಿದ್ದರು.

ಅವರು ಹೋದ ಮೇಲೆ, ಕಚೇರಿಗೆ ಹೋಗಿ ಹೇಳುತ್ತೇನೆಂದು ಜಗಳಕ್ಕೆ ನಿಂತ ನನ್ನನ್ನು ಚಾಚಾ ತಡೆದರು. “ಯಾರಿಗೂ ಹೇಳಬ್ಯಾಡ. ನನ್ನ ಹೆಸರು ಬಂದ್ರ ಕಾಗದ ಮತ್ತ ವಾಪಸ್ ಬರ್ತದ. ನಿನಗ ದಾರಿ ಬೇಕೋ, ನನ್ನ ಹೆಸರು ಬೇಕೋ?”

ನನಗೆ ದಾರಿ ಬೇಕಿತ್ತು. ಮೊಹರು ಬಿದ್ದ ಭಾಷಾಂತರವನ್ನೇ ಕಚೇರಿಗೆ ಕೊಟ್ಟೆ. ಬೇಲಿ ತೆಗೆದ ದಿನ ಮೊದಲ ಬಾಳೆಗೊನೆಯನ್ನು ಚಾಚಾರ ಮನೆಗೆ ಕಳಿಸಿದೆ... ಅದರಿಂದ ನನಗೇನೂ ಸಮಾಧಾನವಾಗಲಿಲ್ಲ.

ಚಾಚಾ ತೀರಿಕೊಂಡು ಆರು ವರ್ಷವಾಯಿತು. ಕಳೆದ ವಾರ ನಾನು ಹೋದದ್ದು ಅದೇ ತೋಟದ ಬಾವಿಯ ಹಳೆಯ ಕಾಗದಕ್ಕಾಗಿ. ಕಾಗದ ಸಿಕ್ಕಿತು, ಅದೂ ಉರ್ದು, ಓದುವವರಿಲ್ಲ. ಅಲ್ಲಿನ ಗುಮಾಸ್ತೆ, ಪಾಪ ಒಳ್ಳೆಯ ಹುಡುಗಿ, ಕಡತ ತಿರುವಿ ದಾರಿಯ ಹುಕುಮಿನ ಭಾಷಾಂತರ ತೆಗೆದಳು. ಕೆಳಗಿನ ಸಹಿ, ಮೊಹರಿನ ಮೇಲೆ ಬೆರಳಿಟ್ಟಳು.

“ಇವರನ್ನ ಹುಡುಕ್ರಿ ಸರ್. ಎಷ್ಟ್ ಚೆಂದ ಓದ್ಯಾರ ನೋಡ್ರಿ. ಇಂಥವರು ಈಗ ಎಲ್ಲಿ ಸಿಗ್ತಾರ?”

ಅವರಲ್ಲಮ್ಮ ಎನ್ನಲು ಬಾಯಿ ತೆರೆದೆ... ಹಾಗಂದರೆ ಆ ಕಾಗದವೇ ಖೋಟಾ ಎನಿಸಿ, ದಾರಿಗೆ ಮತ್ತೆ ಬೇಲಿ ಬೀಳುತ್ತದೆ.

“ಹೌದವ್ವ, ಚೆಂದ ಓದ್ಯಾರ,” ಎಂದು ಹೊರಗೆ ಬಂದೆ.