ಒಂದು ಸ್ಕ್ರೂಡ್ರೈವರ್‌ಗಾಗಿ ದಿಲ್ಲಿ ಸುತ್ತಿದ್ದು

2007ರ ಜನವರಿ. ಕೇಂದ್ರದ ಅರೆಸೇನಾ ಪಡೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಆರ್ಮರರ್ ಆಗಿ ದುಡಿದು ನಿವೃತ್ತನಾದ ಮೇಲೆ ನಾನು ದಕ್ಷಿಣ ದಿಲ್ಲಿಯ ಅಂಚಿನ ಒಂದು ಶೂಟಿಂಗ್ ರೇಂಜ್‌ನಲ್ಲಿ ಅದೇ ಕೆಲಸಕ್ಕೆ ಗುತ್ತಿಗೆಯ ಮೇಲೆ ಸೇರಿಕೊಂಡಿದ್ದೆ. ಆರ್ಮರರ್ ಬಂದೂಕು ಹಾರಿಸುವವನಲ್ಲ. ಬಿಚ್ಚಿ, ತೊಳೆದು, ಸವೆದದ್ದನ್ನು ಬದಲಿಸಿ, ಮತ್ತೆ ಜೋಡಿಸಿ ಕೊಡುವವನು. ಪ್ರತಿ ಬಂದೂಕಿಗೂ ರಿಜಿಸ್ಟರ್‌ನಲ್ಲಿ ಒಂದು ಪುಟವಿರುತ್ತದೆ: ದೂರು ಏನು, ಕಂಡದ್ದೇನು, ಮಾಡಿದ್ದೇನು. ಅದಕ್ಕಿಂತ ಹೆಚ್ಚಿಗೆ ಬರೆಯುವ ರೂಢಿ ನಮ್ಮಲ್ಲಿಲ್ಲ.

ಆ ಗುರುವಾರ ಬೆಳಿಗ್ಗೆ ಮಂಜು ಇನ್ನೂ ಇಳಿದಿರಲಿಲ್ಲ. ಮೇಘನಾ ಎಂಬ ಇಪ್ಪತ್ತೆರಡರ ಹುಡುಗಿ ತನ್ನ ರೈಫಲ್ ಪೆಟ್ಟಿಗೆ ಹಿಡಿದು ವರ್ಕ್‌ಶಾಪಿಗೆ ಬಂದಳು. ಹಿಂದೆಯೇ ಅವಳ ತಂದೆ ಸದಾಶಿವ ಶೇರಿಗಾರ್. ಕುಂದಾಪುರದ ಕಡೆಯವರು, ಸಚಿವಾಲಯವೊಂದರಲ್ಲಿ ಸೆಕ್ಷನ್ ಆಫೀಸರ್, ಮನೆ ಜನಕಪುರಿಯಲ್ಲಿ. ರೇಂಜ್‌ನಲ್ಲಿ ಕನ್ನಡ ಮಾತಾಡಲು ನನಗೆ ಸಿಗುತ್ತಿದ್ದವರು ಅವರೊಬ್ಬರೇ. ಮಗಳು ದಿಲ್ಲಿಯಲ್ಲೇ ಬೆಳೆದವಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರಿಸುವಳು.

"ಅಂಕಲ್, ಫಿರ್ ಸೇ ಮಿಸ್ ಹೋ ಗಯಾ. ದಸ್ ಮೇಂ ತೀನ್." ಮತ್ತೆ ಮಿಸ್ ಆಯಿತು, ಹತ್ತರಲ್ಲಿ ಮೂರು ಎಂದು.

ಟ್ರಿಗರ್ ಎಳೆದರೂ ಗುಂಡು ಸಿಡಿಯದಿರುವುದಕ್ಕೆ ನಾವು ಮಿಸ್‌ಫೈರ್ ಎನ್ನುತ್ತೇವೆ. ಭಾನುವಾರ ರಾಷ್ಟ್ರೀಯ ತಂಡದ ಆಯ್ಕೆ ಪಂದ್ಯ. ಐವತ್ತು ಮೀಟರ್ ದೂರ, ಮಲಗಿಕೊಂಡು ಅರವತ್ತು ಗುಂಡು. ನಾಲ್ಕು ವರ್ಷದಿಂದ ಅವಳು ಕಾಯುತ್ತಿದ್ದದ್ದು ಇದಕ್ಕೇ. ಮೊದಲ ಹತ್ತರಲ್ಲೇ ಮೂರು ಸಿಡಿಯದಿದ್ದರೆ ಉಳಿದ ಐವತ್ತರ ಮೇಲೆ ಮನಸ್ಸು ನಿಲ್ಲುವುದಿಲ್ಲ.

ನನ್ನ ಜೊತೆಗಿದ್ದ ಹರಿಯಾಣದ ದಲ್ಬೀರ್ ಸಿಡಿಯದ ಕಾಡತೂಸನ್ನು ಬೆಳಕಿಗೆ ಹಿಡಿದು, "ಮಾಲೇ ಖರಾಬು" ಅಂದ. ನನಗೆ ಹಾಗೆ ಕಾಣಲಿಲ್ಲ. ಅಂಚಿನ ಮೇಲೆ, ಕಾಡತೂಸಿಗೆ ಬಡಿದು ಮದ್ದು ಹೊತ್ತಿಸುವ ಫೈರಿಂಗ್ ಪಿನ್ ಬಿದ್ದ ಗುರುತು ತೀರಾ ಮೇಲುಮೇಲಿತ್ತು. ಪಿನ್ ಸೋಮಾರಿಯಾಗಿತ್ತು.

"ಮಧ್ಯಾಹ್ನವೂ ಹೀಗೇ ಆಗುತ್ತದಾ?"

"ನಹೀಂ. ಧೂಪ್ ಮೇಂ ಠೀಕ್ ಚಲ್ತೀ ಹೈ."

ಬಿಸಿಲಲ್ಲಿ ಸರಿ, ಚಳಿಯಲ್ಲಿ ತಪ್ಪು. ಬೋಲ್ಟ್ ಹೊರಗೆ ತೆಗೆದೆ. ಗುಂಡನ್ನು ಒಳಗೆ ತಳ್ಳಿ, ಪಿನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡಿರುವ ಉಕ್ಕಿನ ಕೊಳವೆ ಅದು. ಅದರ ಸಂದಿನಲ್ಲಿ ಹಳದಿ ಬೆರೆತ ಬಿಳಿಯದೇನೋ ಕಟ್ಟಿಕೊಂಡಿತ್ತು. ಉಗುರಿನಿಂದ ಕೆರೆದು ಅಂಗೈಯಲ್ಲಿ ತಿಕ್ಕಿದೆ, ಕರಗಿತು. ಮೂಸಿದೆ. ನಾನು ತಿಪಟೂರಿನವನು, ಆ ವಾಸನೆಗೆ ನನಗೆ ಸಾಕ್ಷಿ ಬೇಕಿರಲಿಲ್ಲ. ಸಾಸಿವೆ ಎಣ್ಣೆಯ ಆ ಊರಲ್ಲಿ, ಗನ್ ಆಯಿಲ್, ಮದ್ದಿನ ಹೊಗೆ, ಹೀಟರಿನ ಬಿಸಿಯ ನಡುವೆ ಕೊಬ್ಬರಿ ಎಣ್ಣೆ. ಸ್ವಲ್ಪ ಹೊತ್ತು ಕೈಯನ್ನು ಮೂಗಿನ ಹತ್ತಿರವೇ ಇಟ್ಟುಕೊಂಡಿದ್ದೆ ಎಂದು ದಲ್ಬೀರ್ ಆಮೇಲೆ ಎಲ್ಲರಿಗೂ ಹೇಳಿಕೊಂಡು ನಕ್ಕ.

"ತಲೆಗೆ ಹಚ್ಚೋದನ್ನ ಬಂದೂಕಿಗೂ ಹಚ್ತೀರಾ ನೀವು ಮದ್ರಾಸಿಗಳು? ನಾಳೆ ಜಡೆಯನ್ನೂ ಹಾಕಿಬಿಡಿ."

ಆಯುಧಪೂಜೆಗೆ ಬಂದೂಕು ಒರೆಸಿ, ಎಣ್ಣೆ ಸವರಿ, ಕುಂಕುಮ ಇಟ್ಟಿರುತ್ತಾರೆ. ನಮ್ಮವರು ಹೊಲಿಗೆ ಯಂತ್ರಕ್ಕೂ ಸ್ಕೂಟರಿಗೂ ಮಾಡುವುದನ್ನೇ ರೈಫಲ್ಲಿಗೂ ಮಾಡಿದ್ದರು. ರೈಫಲ್ಲಿನ ಮರದ ಹಿಡಿಯ ಮೇಲೆ ಕುಂಕುಮದ ಬೊಟ್ಟು ಇನ್ನೂ ಇತ್ತು. ಅಕ್ಟೋಬರಿನ ಸೆಕೆಯಲ್ಲಿ ಎಣ್ಣೆ ತೆಳ್ಳಗೆ ಒಳಗಿಳಿದಿತ್ತು, ಜನವರಿಯಲ್ಲಿ ಮೇಣವಾಗಿತ್ತು.

"ಇದನ್ನ ಹಚ್ಚಿದವರು ಯಾರು?" ಎಂದೆ.

"ಮೈನೇ," ಎಂದಳು ಮೇಘನಾ. ನಾನೇ ಎಂದು. ಶೇರಿಗಾರರು ಕಿಟಕಿಯ ಕಡೆ ನೋಡುತ್ತಿದ್ದರು.

ಬೋಲ್ಟ್ ಬಿಚ್ಚಿ ತೊಳೆಯದೆ ಬೇರೆ ದಾರಿಯಿರಲಿಲ್ಲ. ಬಿಸಿ ಮಾಡಿದರೆ ಎಣ್ಣೆ ಕರಗಿ ಮತ್ತೆ ಕಟ್ಟುತ್ತದೆ. ಹೊರಗಿನಿಂದ ಸೀಮೆಎಣ್ಣೆ ಹಾಕಿದರೆ ಅರ್ಧ ಹೋಗಿ ಅರ್ಧ ಸ್ಪ್ರಿಂಗಿನ ಹಿಂದೆ ಸೇರುತ್ತದೆ. ಬಿಚ್ಚಬೇಕಾದರೆ ಹಿಂಬದಿಯ ಒಂದು ಪುಟ್ಟ ಸ್ಕ್ರೂ ತೆಗೆಯಬೇಕು. ಅದರ ತಲೆಯ ಒಂದು ಅಂಚು ಆಗಲೇ ಕಿತ್ತುಹೋಗಿತ್ತು.

"ನಿನ್ನೆ ಸಂಜೆ ನಾನೇ ಬಿಚ್ಚಲು ನೋಡಿದೆ. ಮನೆಯಲ್ಲಿದ್ದ ಸ್ಕ್ರೂಡ್ರೈವರಿನಿಂದ," ಎಂದರು ಶೇರಿಗಾರರು, ಕಚೇರಿಯ ತಪ್ಪು ಒಪ್ಪಿಕೊಳ್ಳುವ ದನಿಯಲ್ಲಿ.

ಇಲ್ಲಿ ಒಂದು ಮಾತು ವಿವರಿಸಬೇಕು. ಅಂಗಡಿಯ ಸಾಮಾನ್ಯ ಸ್ಕ್ರೂಡ್ರೈವರಿನ ತುದಿ ಬೆಣೆಯಂತೆ ಇಳಿಜಾರಾಗಿರುತ್ತದೆ. ಬಂದೂಕಿನ ಸ್ಕ್ರೂವಿನ ತಲೆಯ ಸೀಳಿನ ಗೋಡೆಗಳು ನೇರ. ಬೆಣೆ ಮೇಲಂಚನ್ನಷ್ಟೇ ಹಿಡಿಯುತ್ತದೆ, ಬಲ ಹಾಕಿದ ಕೂಡಲೇ ಜಾರಿ ಅಂಚನ್ನು ಕೀಳುತ್ತದೆ. ಬೇಕಾದದ್ದು ತಳದವರೆಗೂ ಒಂದೇ ದಪ್ಪದ ತುದಿ. ನಮ್ಮ ಕಿಟ್‌ನಲ್ಲಿದ್ದ ಆ ಅಳತೆಯದು ಡಿಸೆಂಬರಿನಲ್ಲಿ ಮುರಿದಿತ್ತು. ಹೊಸದಕ್ಕೆ ಬರೆದ ಪತ್ರ ಯಾವ ಮೇಜಿನ ಮೇಲಿತ್ತೋ ಗೊತ್ತಿಲ್ಲ. ಅಂಚು ಹೋದ ಸ್ಕ್ರೂವಿಗೆ ಎರಡನೆಯ ತಪ್ಪನ್ನು ತಾಳುವ ಶಕ್ತಿಯೂ ಇರಲಿಲ್ಲ.

ರೈಫಲ್ಲಿನ ಲೈಸೆನ್ಸ್ ಮೇಘನಾಳದು; ಬೋಲ್ಟನ್ನು ನಾನು ರೇಂಜಿನಿಂದ ಹೊರಗೆ ಒಯ್ಯುವ ಹಾಗಿಲ್ಲ. ಶಸ್ತ್ರದ ಪೆಟ್ಟಿಗೆಗಳಿಗೆ ಮೊಹರು ಹಾಕುವ ಅರಗನ್ನು ಕರಗಿಸಿ ಸ್ಕ್ರೂವಿನ ಮೇಲೆ ಒತ್ತಿ ಅಚ್ಚು ತೆಗೆದುಕೊಂಡೆ. ಶುಕ್ರವಾರ ಬೆಳಿಗ್ಗೆ ಅದನ್ನು ಬೆಂಕಿಪೊಟ್ಟಣದಲ್ಲಿಟ್ಟುಕೊಂಡು ಹೊರಟೆ.

ಚಾವ್ಡಿ ಬಜಾರಿನಲ್ಲಿ ಸ್ಪ್ಯಾನರುಗಳ ರಾಶಿಯೇ ಇತ್ತು. ಒಬ್ಬ ಭಯ್ಯಾ, "ಜರ್ಮನ್ ಹೈ ಸಾಬ್" ಎಂದು ಹೊಳೆಯುವ ಸೆಟ್ ತೋರಿಸಿದ. ಅರಗಿನ ಅಚ್ಚಿಗೆ ಹಿಡಿದರೆ ಅದೇ ಬೆಣೆ. ಕಾಶ್ಮೀರಿ ಗೇಟಿನ ಮೋಟಾರು ಅಂಗಡಿಗಳಲ್ಲಿ ಎಲ್ಲವೂ ದಪ್ಪ. ಕರೋಲ್‌ಬಾಗಿನ ಗಡಿಯಾರದ ಸಾಮಾನಿನವನಲ್ಲಿ ದಪ್ಪ ಸರಿಯಾಯಿತು, ಆದರೆ ಅಲ್ಲೇ ಒಂದು ಸ್ಕ್ರೂ ತಿರುಗಿಸಿ ನೋಡಿದೆ, ತುದಿ ತಂತಿಯಂತೆ ತಿರುಚಿಕೊಂಡಿತು. ಗಡಿಯಾರ ಬೇಡುವ ಬಲ ಬೇರೆ, ಬಂದೂಕು ಬೇಡುವ ಬಲ ಬೇರೆ.

ಮೂರು ಗಂಟೆಯ ಹೊತ್ತಿಗೆ ದರಿಯಾಗಂಜಿನ ಒಂದು ಹಳೆಯ ಬಂದೂಕಿನಂಗಡಿಗೆ ಬಂದೆ. ಮಾಲೀಕ ಹಿಂದಿನ ಕೋಣೆಗೆ ಬೆರಳು ತೋರಿಸಿದ. ಅಲ್ಲಿ ಕನ್ನಡಕಕ್ಕೆ ದಾರ ಕಟ್ಟಿಕೊಂಡ ಇಸ್ಮಾಯಿಲ್ ಮಿಸ್ತ್ರಿ ಕೂತಿದ್ದರು. ಒಳ್ಳೆಯ ಸ್ಕ್ರೂಡ್ರೈವರ್ ಎಲ್ಲಿ ಸಿಗುತ್ತದೆ ಎಂದು ಕೇಳಿದೆ.

"ಯಾವ ಸ್ಕ್ರೂಗೆ ಒಳ್ಳೆಯದು?" ಎಂದರು ಹಿಂದಿಯಲ್ಲಿ.

ಬೆಂಕಿಪೊಟ್ಟಣ ತೆರೆದೆ. ಅರಗನ್ನು ಬಹಳ ಹೊತ್ತು ತಿರುಗಿಸಿ ನೋಡಿದರು. "ಬರೋರೆಲ್ಲ ಕೈಬೀಸಿಕೊಂಡು ಬರ್ತಾರೆ. ನೀನಾದರೂ ಕಾಲಿನ ಅಳತೆ ತಂದು ಚಪ್ಪಲಿ ಕೇಳ್ತಿದ್ದೀಯ. ಕೂತ್ಕೋ ಮಿಯಾಂ."

ಹಳೆಯ ಡ್ರಿಲ್ ಕಡ್ಡಿಯೊಂದನ್ನು ಅವರು ಕಲ್ಲಿನ ಮೇಲೆ ಉಜ್ಜಿದರು, ಅಚ್ಚಿಗೆ ಹಿಡಿದರು, ಮತ್ತೆ ಉಜ್ಜಿದರು. ಕೊನೆಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮರದ ಹಿಡಿ ಹಾಕಿ ಕೊಟ್ಟರು. ಎರಡು ತಾಸು ಹಿಡಿಯಿತು. ಇಪ್ಪತ್ತೆರಡು ವರ್ಷ ಸರ್ಕಾರದ ಸೀಲಿನ ಪೆಟ್ಟಿಗೆಯಿಂದ ಉಪಕರಣ ತೆಗೆದು ಕೆಲಸ ಮಾಡಿದವನು ನಾನು. ಉಪಕರಣ ಹುಟ್ಟುವುದನ್ನು ಕಂಡದ್ದು ಅಂದೇ ಮೊದಲು. ಎದ್ದು ಬರಲು ಮನಸ್ಸಿರಲಿಲ್ಲ.

ಶನಿವಾರ ಬೆಳಿಗ್ಗೆ ತಂದೆ ಮಗಳು ಬಂದರು. ತುದಿಯನ್ನು ಸೀಳಿಗಿಟ್ಟು ಒತ್ತಿದೆ. ತಳಕ್ಕೆ ಕೂತಿತು. ಕಾಲು ಸುತ್ತು ತಿರುಗಿಸಿದಾಗ ಸ್ಕ್ರೂ ಸಣ್ಣಗೆ ಕಿರುಗುಟ್ಟಿ ಸಡಿಲವಾಯಿತು. ಒಳಗಿನ ಸ್ಪ್ರಿಂಗ್ ಪೂರ್ತಿ ಬೆಳ್ಳಗಿತ್ತು. ಸೀಮೆಎಣ್ಣೆಯ ಬಟ್ಟಲು ಹತ್ತಿರಕ್ಕೆ ಎಳೆದುಕೊಂಡೆ.

"ಸಬ್ ನಿಕಲ್ ಜಾಯೇಗಾ?" ಎಂದಳು ಮೇಘನಾ.

"ಎಲ್ಲ ಹೋಗುತ್ತದೆ. ಚೂರೂ ಉಳಿಯಬಾರದು."

ಅವಳು ಬಟ್ಟಲಿಗೆ ಅಂಗೈ ಅಡ್ಡ ಹಿಡಿದಳು. ಆಮೇಲೆ, ನಾನು ಅವಳ ಬಾಯಲ್ಲಿ ಅದುವರೆಗೆ ಕೇಳಿರದ ಕನ್ನಡದಲ್ಲಿ, ಶಬ್ದ ಶಬ್ದ ಹುಡುಕಿ ಹೇಳಿದಳು: "ಅದು ನಾನು ಹಚ್ಚಿದ್ದಲ್ಲ ಅಂಕಲ್. ಅಮ್ಮ ಹಚ್ಚಿದ್ದು."

ಶೇರಿಗಾರರು ಆಗ ಹೇಳಿದರು. ಹೆಂಡತಿ ಲಲಿತಾ ನವೆಂಬರಿನಲ್ಲಿ ತೀರಿಕೊಂಡಿದ್ದರು. ಹೃದಯದ ತೊಂದರೆ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಆಯುಧಪೂಜೆಯ ದಿನ ಬಂದೂಕಿಗೆ ಎಣ್ಣೆ ಸವರಿ, "ಚೆನ್ನಾಗಿ ಹೊಡಿ ಮಾರಾಯ್ತಿ" ಅಂದಿದ್ದರಂತೆ. ಅಂದಿನಿಂದ ಮಗಳು ನಳಿಗೆಯನ್ನಷ್ಟೇ ಸ್ವಚ್ಛ ಮಾಡುತ್ತಿದ್ದಳು, ಬೋಲ್ಟಿಗೆ ಬಟ್ಟೆ ತಾಗಿಸಿರಲಿಲ್ಲ. "ರಾತ್ರಿ ಪೆಟ್ಟಿಗೆ ತೆರೆದು ಮೂಸಿ ಮುಚ್ಚಿಡುತ್ತಾಳೆ, ನಾನೂ ನೋಡದವನಂತೆ ಇದ್ದುಬಿಟ್ಟೆ," ಎಂದರು.

ದಲ್ಬೀರನಿಗೆ ಭಾಷೆ ತಿಳಿಯದಿದ್ದರೂ ವಿಷಯ ತಿಳಿಯಿತು. ಚಹಾ ತರುತ್ತೇನೆಂದು ಎದ್ದು ಹೋದ.

"ಕುಂಕುಮ ಹಾಗೇ ಇರಲಿ, ಅದು ಗುಂಡಿಗೆ ಅಡ್ಡ ಬರುವುದಿಲ್ಲ," ಎಂದೆ. "ಇದು ಬರುತ್ತದೆ. ಆದರೆ ಬಂದೂಕು ನಿನ್ನದು. ಬೇಡ ಅಂದರೆ ಹಾಗೇ ಜೋಡಿಸಿಕೊಡುತ್ತೇನೆ."

ಅವಳು ಸ್ಪ್ರಿಂಗನ್ನು ಕೈಗೆ ತೆಗೆದುಕೊಂಡಳು. ಎಣ್ಣೆ ಅವಳ ಬೆರಳಿನ ಬಿಸಿಗೆ ಕರಗತೊಡಗಿತು. ಅದನ್ನು ಕೂದಲಿಗೆ ಸವರಿಕೊಂಡು, ಸ್ಪ್ರಿಂಗನ್ನು ತಾನೇ ಬಟ್ಟಲಿಗೆ ಬಿಟ್ಟು, ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತಳು.

ಭಾನುವಾರ ಬೆಳಿಗ್ಗೆ ಒಂಬತ್ತು ಡಿಗ್ರಿ ಚಳಿ. ಅರವತ್ತಕ್ಕೆ ಅರವತ್ತೂ ಸಿಡಿದವು. ಮೂವರು ತಂಡಕ್ಕೆ ಬೇಕಿತ್ತು, ಮೇಘನಾ ನಾಲ್ಕನೆಯವಳಾದಳು. ಎರಡು ಅಂಕ ಕಡಿಮೆ.

ಸೋತವರು ವರ್ಕ್‌ಶಾಪಿಗೆ ಬಂದು ಟ್ರಿಗರ್ ಭಾರ, ಸೈಟ್ ಅಲುಗಾಡಿತು ಎಂದು ಹೇಳುವುದು ನನಗೆ ಅಭ್ಯಾಸವಾಗಿತ್ತು. ರಿಜಿಸ್ಟರ್ ತೆರೆದುಕೊಂಡು ಕಾದೆ. ಅವಳು ಬಂದು ಪೆಟ್ಟಿಗೆ ಮೇಜಿನ ಮೇಲಿಟ್ಟಳು.

"ರೈಫಲ್ ಚೆನ್ನಾಗಿತ್ತು ಅಂಕಲ್. ಮೈಂ ಹೀ ಠೀಕ್ ನಹೀಂ ಥೀ." ನಾನೇ ಸರಿಯಿರಲಿಲ್ಲ ಎಂದು.

ದೂರಿನ ಕಾಲಮ್ಮಿನಲ್ಲಿ "ಇಲ್ಲ" ಎಂದು ಬರೆದೆ. ಶನಿವಾರದ ಸಾಲಿನಲ್ಲಿ, ಮಾಡಿದ್ದೇನು ಎಂಬಲ್ಲಿ "ಬೋಲ್ಟ್ ಬಿಚ್ಚಿ ಸ್ವಚ್ಛಗೊಳಿಸಲಾಗಿದೆ" ಎಂದಷ್ಟೇ ಇದೆ. ನಾನು ತೊಳೆದದ್ದು ಸರಿಯಾಗಿತ್ತು, ಇಂದಿಗೂ ಹಾಗೇ ತೊಳೆಯುತ್ತೇನೆ. ಬಂದೂಕಿನ ತೊಡಕನ್ನು ಕಳೆಯಬಹುದು, ಅದನ್ನು ಹಿಡಿದವರ ಕೊರತೆಯನ್ನು ತುಂಬುವುದು ನನ್ನ ಕೆಲಸಕ್ಕೆ ಬರುವುದಿಲ್ಲ ಎಂದು ಆ ವಾರ ಕಲಿತೆ. ಅಂದಿನಿಂದ ಯಾರ ಬಂದೂಕು ಮೇಜಿಗೆ ಬಂದರೂ ಒಂದು ಪ್ರಶ್ನೆ ಹೆಚ್ಚಿಗೆ ಕೇಳುತ್ತೇನೆ: ಇದನ್ನು ಕೊನೆಯದಾಗಿ ಮುಟ್ಟಿದವರು ಯಾರು. ಉತ್ತರ ಬರುವವರೆಗೆ ಬಿಚ್ಚಲು ಕೈ ಹಾಕುವುದಿಲ್ಲ.