ಅಭಿಪ್ರಾಯಕ್ಕೆ ಕಳಿಸದ ಕಾಗದ

1978ರ ಮಾರ್ಚ್ 6, ಸೋಮವಾರ. ಬೆಳಿಗ್ಗೆ ಆರೂವರೆಗೆ ಈ ಪತ್ರಿಕೆಗೆ ಬರೆಯಲು ಕೂತೆ. ಎಂಟಕ್ಕೆ ಗೇಟಿನಲ್ಲಿರಬೇಕು.

ನಮ್ಮ ಟಪಾಲು ಗುಮಾಸ್ತರ ಬಲಗೈ ಹೆಬ್ಬೆರಳು ಸದಾ ನೇರಳೆ. ಉಗುರಿನ ಸಂದಿಗೆ ಇಳಿದ ಮೊಹರಿನ ಮಸಿ ಸೀಗೆಪುಡಿಗೂ ಬಗ್ಗುತ್ತಿರಲಿಲ್ಲ. ರಾಜಾಜಿನಗರದ ನಮ್ಮ ಫ್ಯಾಕ್ಟರಿಯಲ್ಲಿ ಪ್ರತಿ ಕಾಗದಕ್ಕೂ ಮೊಹರು ಒತ್ತಿ, ನಂಬರು ಹಾಕಿ, ರಿಜಿಸ್ಟರಿನಲ್ಲಿ ಬರೆದು ಮುಂದಕ್ಕೆ ಕಳಿಸುವುದು ಅವರ ಕೆಲಸ. ಅವರಷ್ಟು ನನ್ನ ತಲೆ ತಿಂದವರು ಇನ್ನೊಬ್ಬರಿಲ್ಲ.

ಮೂರು ವರ್ಷದ ಹಿಂದೆ ತಂತಿ ಸುತ್ತುವ ವಿಭಾಗಕ್ಕೆ ತರಬೇತಿಗೆ ಸೇರಿದೆ. ಹದಿನಾಲ್ಕು ಹೆಂಗಸರು, ಒಂದು ನೀರಿನ ಮಡಕೆ, ಎರಡು ಲೋಟ. ಸ್ಟೀಲಿನದು ಹದಿಮೂರು ಜನಕ್ಕೆ, ಕಿಟಕಿಯ ಮೇಲಿನ ಅಲ್ಯುಮಿನಿಯಂ ಲೋಟ ನನಗೊಬ್ಬಳಿಗೆ. ನನ್ನ ಜಾತಿ ತಿಳಿದ ದಿನವೇ ಫೋರ್‌ಮನ್ ಅದನ್ನು ಇಡಿಸಿದ್ದರು. ನಾನು ಮಡಕೆ ಮುಟ್ಟುವ ಹಾಗಿಲ್ಲ. ಯಾರಾದರೂ ಎತ್ತಿ ಹುಯ್ಯಬೇಕು. ಆರು ತಿಂಗಳಿಗೆ ನನ್ನನ್ನು ಕಾಯಂ ಮಾಡಲು ಸಹಿ ಹಾಕಬೇಕಾದವರೂ ಆ ಫೋರ್‌ಮನ್ನೇ.

ಐದನೆಯ ತಿಂಗಳು ದೂರು ಬರೆದು ಗುಮಾಸ್ತರ ಮೇಜಿಗೆ ಒಯ್ದೆ. ಓದಿ ವಾಪಸ್ ತಳ್ಳಿದರು.

“‘ಯಾವಾಗಲೂ’ ಅಂತ ಬರ್ದಿದೀಯಲ್ಲಮ್ಮ, ಯಾವತ್ತು? ಎಷ್ಟು ಗಂಟೆಗೆ?”

“ದಿನಾ ಸಾರ್.”

“ದಿನಾ ಅನ್ನೋದು ತಾರೀಖಲ್ಲ. ಬರ್ಕೊಂಡ್ ಬಾ.”

ಹೀಗೆ ಮೂರು ಸಲ. ಮೂರನೆಯ ಸಲ ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. “ನಿಮಗೂ ಫೋರ್‌ಮನ್‌ಗೂ ಏನ್ ಸಾರ್ ವ್ಯತ್ಯಾಸ?” ಎಂದೆ.

“ನನ್ನ ಕೈಬರಹ ದುಂಡಗಿದೆ” ಎಂದರು.

ದಿನಚರಿಯ ಚಟ ನನಗೆ ಹತ್ತಿದ್ದು ಆಗ. ಹನ್ನೊಂದು ತಾರೀಖು, ಗಂಟೆ, ಹತ್ತಿರ ಇದ್ದವರ ಹೆಸರು ಬರೆದುಕೊಂಡು ಹೋದೆ. ಮೊಹರು ಬಿತ್ತು. ನನ್ನ ನಕಲಿಗೂ ಒತ್ತಿ, “ಇದನ್ನ ಮನೇಲಿಡು, ಇಲ್ಲಿಡ್ಬೇಡ” ಎಂದರು.

ನಮ್ಮಲ್ಲೊಂದು ಪದ್ಧತಿ: ಯಾವ ದೂರು ಬಂದರೂ ಆ ವಿಭಾಗದ ಮುಖ್ಯಸ್ಥರ ‘ಅಭಿಪ್ರಾಯಕ್ಕೆ’ ಹೋಗಬೇಕು. ಮ್ಯಾನೇಜರು ಹಾಗೆಯೇ ಬರೆದರು. ಗುಮಾಸ್ತರು ಕಳಿಸಲಿಲ್ಲ. ಕಾಗದ ಹಿಡಿದು, ನನ್ನನ್ನೂ ಕರೆದುಕೊಂಡು ಮ್ಯಾನೇಜರ ಕೋಣೆಗೆ ಹೋದರು.

“ಫೋರ್‌ಮನ್‌ಗೆ ಕಳ್ಸಿ ಅಂದ್ನಲ್ರೀ?”

“ದೂರು ಇರೋದೇ ಅವ್ರ ಮೇಲೆ ಸಾರ್. ಅವ್ರೇ ‘ಹಂಗೇನಿಲ್ಲ’ ಅಂತ ಬರೀತಾರೆ, ನಾವು ಫೈಲ್ ಮುಚ್ಚೋದಾ?”

“ಸರಿ, ಈ ಹುಡ್ಗೀನ ಪ್ಯಾಕಿಂಗ್‌ಗೆ ಹಾಕಿ. ತಲೆನೋವು ಮುಗೀತು.”

“ಮುಳ್ಳು ಚುಚ್ಚಿದ್ರೆ ಮುಳ್ಳು ಕೀಳ್ಬೇಕು ಸಾರ್, ಕಾಲನ್ನಲ್ಲ. ಒಬ್ಬೊಬ್ಬರನ್ನೇ ಇಲ್ಲಿಗೆ ಕರ್ಸಿ ಕೇಳಿ. ಫೋರ್‌ಮನ್‌ನೂ ಕೇಳಿ, ಬೇಡ ಅನ್ನಲ್ಲ. ತೀರ್ಮಾನ ಮಾತ್ರ ಅವ್ರ ಕೈಲಿ ಬೇಡ. ಇವಳ ಕಾಯಂ ಕಾಗದಕ್ಕೆ ಅವ್ರ ಸಹೀನೂ ಬೇಡ.”

“ಎಷ್ಟು ಕೊರೀತೀರ್ರೀ!”

ನಾಲ್ಕು ದಿನ ಕೊರೆದರು. ಐದನೆಯ ದಿನ ಮ್ಯಾನೇಜರು ಹದಿಮೂರು ಹೆಂಗಸರನ್ನೂ ಒಬ್ಬೊಬ್ಬರಾಗಿ ಕರೆಸಿದರು. ಒಂಬತ್ತು ಮಂದಿ ಏನೂ ಗೊತ್ತಿಲ್ಲ ಎಂದರು. ನಾಲ್ವರು ನಿಜ ಹೇಳಿದರು. ಅಲ್ಯುಮಿನಿಯಂ ಲೋಟ ಹೋಯಿತು. ನನ್ನ ಕಾಗದಕ್ಕೆ ಮ್ಯಾನೇಜರೇ ಸಹಿ ಹಾಕಿದರು. ಫೋರ್‌ಮನ್‌ಗೆ ಸಿಕ್ಕಿದ್ದು ಒಂದು ಸಾಲಿನ ಎಚ್ಚರಿಕೆ.

“ಅಷ್ಟೇನಾ ಸಾರ್?”

“ಅಷ್ಟೇ ಕಣಮ್ಮ. ಅದಕ್ಕೂ ನಂಬರ್ ಹಾಕಿದೀನಿ.”

ಈ ಜನವರಿಯಲ್ಲಿ ಅವರು ತೀರಿಕೊಂಡರು. ಹೋದ ವಾರ ಇನ್ನೊಬ್ಬ ಹುಡುಗಿಯ ದೂರು ಬಂತು. ಹೊಸ ಗುಮಾಸ್ತರು ಅದನ್ನು ನೇರ ಫೋರ್‌ಮನ್ ಅಭಿಪ್ರಾಯಕ್ಕೆ ಕಳಿಸಿದರು! ಇದು ಸರಿಯಲ್ಲ ಎಂದು ತೋರಿಸಲು ನನ್ನ ಹಳೆಯ ದೂರಿನ ನಮೂದು ಹುಡುಕುತ್ತಾ ಕಪಾಟಿನ ರಿಜಿಸ್ಟರುಗಳನ್ನೆಲ್ಲ ತೆಗೆದೆ. 1968ರ ರಿಜಿಸ್ಟರಿನಲ್ಲಿ, ಅದೇ ದುಂಡಗಿನ ಅಕ್ಷರ: “ತಂತಿ ವಿಭಾಗ. ನೀರಿನ ಲೋಟದ ಬಗ್ಗೆ ದೂರು. ಫೋರ್‌ಮನ್ ಅಭಿಪ್ರಾಯಕ್ಕೆ ಕಳಿಸಿದೆ.” ಅದರ ಕೆಳಗೆ, ಆರು ದಿನದ ನಂತರದ ತಾರೀಖಿಗೆ: “ಅರ್ಜಿದಾರಳನ್ನು ಕೆಲಸದಿಂದ ತೆಗೆಯಲಾಗಿದೆ.”

ಆ ಪುಟದ ಅಂಚಿನಲ್ಲಿ ನೇರಳೆ ಹೆಬ್ಬೆರಳ ಗುರುತುಗಳಿವೆ. ಎಣಿಸಿದೆ: ಹದಿನೇಳು. ಬೇರೆ ಪುಟಗಳಲ್ಲಿ ಒಂದೋ ಎರಡೋ.

1968ರ ಆ ಹುಡುಗಿ ಕಾಮಾಕ್ಷಿಪಾಳ್ಯದಿಂದ ನಡೆದು ಬರುತ್ತಿದ್ದಳಂತೆ. ಆಮೇಲೆ ಏನಾದಳೆಂದು ನಮ್ಮಲ್ಲಿ ಯಾರಿಗೂ ತಿಳಿಯದು. ಬಲ್ಲವರು ದಯವಿಟ್ಟು ಈ ಪತ್ರಿಕೆಗೆ ಬರೆದು ತಿಳಿಸಿ. ರಿಜಿಸ್ಟರಿನಲ್ಲಿ ಆ ಸಾಲಿನ ಮುಂದೆ ಇನ್ನೂ ಜಾಗವಿದೆ.